ರೈಲುಗಾಡಿಯೂ ನಮ್ಮ ಪಾಠಶಾಲೆಯ ಗಂಟೆಯೂ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯವರ ಲೇಖನವೊಂದು ಇರತಕ್ಕದ್ದೆಂಬುದು ನಮ್ಮ ಪಾಠಶಾಲೆಯ ಹಳೆಯ ಪರಿಪಾಠ. ನಮಗಿಂತ ಮುಂಚೆ ಈ ಕುರ್ಚಿಯಲ್ಲಿ ಕುಳಿತ ಮಾನ್ಯರು ಸ್ತ್ರೀವಿದ್ಯೆಯ ಪ್ರಯೋಜನವನ್ನೂ, ಗೃಹಶೌಚವನ್ನೂ, ಹೊಲಿಗೆ ಕಸೂತಿಗಳ ಮಹತ್ತ್ವವನ್ನೂ ಕುರಿತು ಬರೆದಿದ್ದಾರೆ. ಈ ವರ್ಷ ನಾವು ರೈಲುಗಾಡಿಯು ನಿಲ್ದಾಣದ ಕಟ್ಟೆಗೆ ಬಂದು ನಿಲ್ಲುವ ಕ್ರಮವನ್ನು ಕುರಿತು ಬರೆಯುತ್ತೇವೆಂದು ಹೇಳಿದಾಗ ಸಂಪಾದಕ ವರ್ಗದ ಉಪಾಧ್ಯಾಯಿನಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಹಳೆಯ ವಿದ್ಯಾರ್ಥಿನಿಯರೂ ಪೋಷಕ ಮಹಾಶಯರೂ ಹಾಗೆಯೇ ಬೆರಗಾದರೆ ಆಶ್ಚರ್ಯವಿಲ್ಲ. ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇವೆ. ಈ ಲೇಖನದಲ್ಲಿ ನಮ್ಮದೊಂದು ತಪ್ಪಿನ ಒಪ್ಪಿಗೆಯೂ ಇದೆ. ಅದನ್ನು ರೈಲಿನ ಸಂಗತಿ ತಿಳಿಸದೆ ಹೇಳಲು ಬಾರದು.

ನಮ್ಮ ಹುಟ್ಟೂರು ಗುಬ್ಬಿ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಹೊರಗಿನ ಧಾನ್ಯವನ್ನು ಒಳನಾಡಿಗೆ ಸಾಗಿಸಲಾರದೆ ಜನ ಸತ್ತುದನ್ನು ಕಂಡ ಮೇಲೆ ಮೈಸೂರು ಸಂಸ್ಥಾನಕ್ಕೆ ಹಳಿಗಳ ಬೆಲೆ ತಿಳಿಯಿತು. ನಮ್ಮೂರಿನ ಹೆಸರನ್ನು ನಾಡೆಲ್ಲ ಬಲ್ಲಂತೆ ಮಾಡಿದ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿದುದೂ ಅದೇ 1884ರಲ್ಲಿ. ರೈಲಿಗೂ ನಾಟಕಕ್ಕೂ ಒಂದೇ ವಯಸ್ಸೆಂದು ಗುಬ್ಬಿಯವರಾದ ನಾವು ಹೆಮ್ಮೆಪಡುವುದುಂಟು. ತುಮಕೂರಿನವರು ಇದಕ್ಕೆ ನಕ್ಕರೆ ನಗಲಿ.

ಗುಬ್ಬಿಯ ನಿಲ್ದಾಣವು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಮ್ಮ ಅಜ್ಜಿಯ ಮನೆ ಇತ್ತು. ಆಗ ಒಂದು ಮೀಟರು ಅಗಲದ ಕಿರುಹಳಿ. 1990ರ ದಶಕದಲ್ಲಿ ಅದನ್ನು ತೆಗೆದು ಐದೂವರೆ ಅಡಿಯ ಅಗಲಹಳಿಯನ್ನು ಹಾಸಿದರು. ಅಜ್ಜಿಗೆ ಗಡಿಯಾರ ನೋಡಲು ಬಾರದು. ಹಳಿಯ ಪಕ್ಕದ ಕಂಬದಲ್ಲಿ ಅಡ್ಡಲಾಗಿ ಚಾಚಿಕೊಂಡ ಕೆಂಪು ಪಟ್ಟಿಯನ್ನು ಅವರು ಕೈಮರವೆಂದು ಕರೆಯುತ್ತಿದ್ದರು. ಕೈ ಬಿದ್ದರೆ ಒಲೆಗೆ ಎಸರಿಡುವರು. ಗಾಡಿ ಹೊರಟು ಕೈ ಮತ್ತೆ ಎದ್ದರೆ ನಮ್ಮ ಜಡೆ ಹೆಣೆಯಲು ಕೂರಿಸುವರು. "ಕೈ ಬಿತ್ತು, ಏಳ್ರೇ" ಎಂಬ ಕೂಗಿನಿಂದ ನಮ್ಮ ಬೆಳಗು ಆರಂಭವಾಗುತ್ತಿತ್ತು. ಕೈ ಅಡ್ಡಲಾಗಿದ್ದರೆ ನಿಲ್ಲು, ಇಳಿಬಿದ್ದರೆ ಬಾ. ಇಷ್ಟನ್ನು ನಾವು ಅಕ್ಷರಮಾಲೆಗಿಂತ ಮುಂಚೆಯೇ ಕಲಿತೆವು. ತುದಿಯಲ್ಲಿ ಮೀನಿನ ಬಾಲದಂತೆ ಸೀಳಿದ ಇನ್ನೊಂದು ಬಗೆಯ ಕೈಯೂ ಇರುತ್ತಿತ್ತು. ಅದು ನಿಲ್ಲೆಂದು ಆಜ್ಞಾಪಿಸುವ ಕೈಯಲ್ಲ, ಮುಂದೆ ನಿಲ್ಲಬೇಕಾದೀತು, ಎಚ್ಚರವಾಗಿರು ಎಂದು ಮುಂದಾಗಿ ತಿಳಿಸುವ ಕೈ ಎಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು.

ಎಂಜಿನ್ನಿನವನು ಬೆತ್ತದ ದೊಡ್ಡ ಬಳೆಯೊಂದನ್ನು ನಿಲ್ದಾಣದವರಿಗೆ ಎಸೆದು ಇನ್ನೊಂದನ್ನು ತೋಳಿಗೆ ಸಿಕ್ಕಿಸಿಕೊಂಡು ಹೋಗುವುದನ್ನು ನೋಡಲು ನಾವು ಮಕ್ಕಳೆಲ್ಲ ಬೇಲಿಯ ಮೇಲೆ ಹತ್ತುತ್ತಿದ್ದೆವು. ಆ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಲೋಹದ ಉಂಡೆಯೊಂದು ಇರುತ್ತಿತ್ತು. ಒಂಟಿ ಹಳಿಯ ಮೇಲೆ ಎರಡು ನಿಲ್ದಾಣಗಳ ನಡುವೆ ಒಂದೇ ಗಾಡಿ ಇರತಕ್ಕದ್ದು. ಎರಡು ಕಡೆಯ ಸ್ಟೇಷನ್ ಮಾಸ್ಟರುಗಳೂ ಗಂಟೆಯ ಸನ್ನೆಯಿಂದ ಒಪ್ಪಿಕೊಂಡ ಹೊರತು ಪೆಟ್ಟಿಗೆಯಿಂದ ಉಂಡೆ ಹೊರಬಾರದು. ಒಂದು ಹೊರಬಂದ ಮೇಲೆ ಅದು ಮತ್ತೆ ಪೆಟ್ಟಿಗೆಗೆ ಸೇರುವವರೆಗೆ ಎರಡನೆಯದು ಬಾರದು. ಉಂಡೆ ಕೈಯಲ್ಲಿಲ್ಲದ ಗಾಡಿಗೆ ಮುಂದಿನ ದಾರಿಯಿಲ್ಲ.

ಇಷ್ಟನ್ನು ಕಣ್ಣಾರೆ ಕಂಡು ಬೆಳೆದವರು ನಾವು. ಹೀಗಿದ್ದೂ ನಾವೇ ಮಾಡಿದ ಕೆಲಸವನ್ನು ಇನ್ನು ಹೇಳಬೇಕಾಗಿದೆ.

ಮುಖ್ಯೋಪಾಧ್ಯಾಯಿನಿಯಾದ ಮೊದಲ ವರ್ಷದಲ್ಲಿ ನಮಗೆ ಸಮಯಪಾಲನೆಯ ಮೇಲೆ ಬಹಳ ಅಭಿಮಾನವಿತ್ತು. ಪ್ರಾರ್ಥನೆಯ ಗಂಟೆಯಾದೊಡನೆ ದೊಡ್ಡ ಗೇಟನ್ನು ಮುಚ್ಚತಕ್ಕದ್ದೆಂದೂ, ಮೊದಲನೆಯ ಪಾಠ ಮುಗಿಯುವವರೆಗೆ ಯಾರನ್ನೂ ಒಳಗೆ ಬಿಡಕೂಡದೆಂದೂ ಆಜ್ಞೆ ಮಾಡಿದೆವು. "ಯಾರನ್ನೂ" ಎಂಬ ಮಾತನ್ನು ಜವಾನನಿಗೆ ಎರಡು ಸಲ ಹೇಳಿದೆವೆಂದು ಚೆನ್ನಾಗಿ ನೆನಪಿದೆ. ಫಲ ಬೇಗನೆ ಕಾಣಿಸಿತು. ಒಂದು ತಿಂಗಳೊಳಗೆ ತಡವಾಗಿ ಬರುವವರ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. ಪೋಷಕರ ಸಭೆಯಲ್ಲಿ ಕೆಲವರು ಪ್ರಶಂಸೆಯ ಮಾತನಾಡಿದರು, ನಾವು ಸಂತೋಷಪಟ್ಟೆವು.

ಗುಬ್ಬಿಯ ಕಡೆಯಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಬರುವ ಹುಡುಗಿಯರು ಆಗ ಹನ್ನೊಂದು ಮಂದಿ ಇದ್ದರು. ತುಮಕೂರಿನಿಂದ ಬೆಂಗಳೂರಿಗೆ ಜೋಡಿ ಹಳಿ 2007ರ ಹೊತ್ತಿಗೇ ಆಗಿತ್ತು. ಗುಬ್ಬಿಯ ಕಡೆಗೆ ಇನ್ನೂ ಒಂಟಿ ಹಳಿಯೇ. ಎದುರಿನಿಂದ ಎಕ್ಸ್‌ಪ್ರೆಸ್ ಬರುವ ದಿನ ಈ ಗಾಡಿಯು ಊರಿನ ಹೊರಗೆ, ಕಟ್ಟೆ ಕಣ್ಣಿಗೆ ಬೀಳುವಷ್ಟು ಸಮೀಪದಲ್ಲಿ, ಸುಮ್ಮನೆ ನಿಂತುಬಿಡುವುದು. ಐದು ನಿಮಿಷವಾದೀತು, ಹದಿನೈದೂ ಆದೀತು. ಹುಡುಗಿಯರಿಗೆ ನಿಲ್ದಾಣ ಕಾಣುತ್ತದೆ, ಗಡಿಯಾರ ಕಾಣುತ್ತದೆ, ಮುಚ್ಚಿದ ಗೇಟು ಮನಸ್ಸಿನ ಮುಂದೆ ಕಾಣುತ್ತದೆ.

ಒಂದು ಸೋಮವಾರ ಎಂಟನೆಯ ತರಗತಿಯ ಬಾಲೆಯೊಬ್ಬಳು ಅಂಥ ಸಮಯದಲ್ಲಿ ಬಾಗಿಲಿನ ಹಿಡಿಯನ್ನು ಹಿಡಿದು ಕೆಳಗಿಳಿಯಲು ಹೋದಳು. ಕಟ್ಟೆಯಿಲ್ಲದ ಕಡೆ ಬೋಗಿಯ ಬಾಗಿಲಿಗೂ ನೆಲಕ್ಕೂ ಇರುವ ಎತ್ತರ ದೊಡ್ಡವರನ್ನೂ ಹೆದರಿಸುವಂಥದು. ಅವಳು ಕೊನೆಯ ಮೆಟ್ಟಿಲಿನಲ್ಲಿ ಕಾಲಿಟ್ಟಿದ್ದಾಗಲೇ ಸಿಗ್ನಲು ಸಿಕ್ಕಿ ಗಾಡಿ ಜಗ್ಗಿತು. ಜಲ್ಲಿಯ ಮೇಲೆ ಬಿದ್ದಳು. ಎಡಗೈಯ ಮೂಳೆ ಮುರಿಯಿತು. ಚಕ್ರಕ್ಕೂ ಅವಳ ಲಂಗದ ಅಂಚಿಗೂ ಒಂದು ಮೊಳದ ಅಂತರವಿತ್ತೆಂದು ಜೊತೆಯವರು ಹೇಳಿದರು. ಹಿಂದಿನ ಡಬ್ಬಿಯಿಂದ ಹೊರಗೆ ನೋಡುತ್ತಿದ್ದ ಗಾರ್ಡು ಕಂಡೊಡನೆ ಬ್ರೇಕು ಹಾಕಿ ಗಾಡಿ ನಿಲ್ಲಿಸಿ, ಮಗುವನ್ನು ಎತ್ತಿ ಒಳಗೆ ಮಲಗಿಸಿಕೊಂಡು ಬಂದರು.

ಇದಕ್ಕಿಂತ ನಮ್ಮನ್ನು ಹೆಚ್ಚಾಗಿ ಸುಡುವ ಸಂಗತಿ ಬೇರೊಂದಿದೆ. ಅವಳ ಜೊತೆಯ ಇಬ್ಬರು ಹುಡುಗಿಯರು ನಿಲ್ದಾಣದಿಂದ ಪಾಠಶಾಲೆಯವರೆಗೂ ಓಡಿಬಂದರು. ಗಂಟೆಯಾಗಿತ್ತು, ಗೇಟು ಮುಚ್ಚಿತ್ತು. ಜವಾನನು ನಮ್ಮ ಆಜ್ಞೆಯನ್ನು ಅಕ್ಷರಶಃ ಪಾಲಿಸಿದನು. ತಡವಾಗಿ ಬಂದ ಹುಡುಗಿಯರು ಹೇಳುವ ಕಥೆಗಳನ್ನೆಲ್ಲ ಅವನು ಕೇಳಿ ಕೇಳಿ ಬೇಸತ್ತಿದ್ದನು. ಇದೂ ಅಂಥದೇ ಎಂದುಕೊಂಡನು. ಒಳಗೆ ನಾವು ನೂರಾರು ಹುಡುಗಿಯರ ಮುಂದೆ ನಿಂತು ಆ ವಾರದ ನೀತಿಬೋಧೆಯನ್ನು ಮಾಡುತ್ತಿದ್ದೆವು. ಹೊರಗೆ ಇಬ್ಬರು ಮಕ್ಕಳು ಕಂಬಿಗಳನ್ನು ಹಿಡಿದು ಅಳುತ್ತಿದ್ದರು. ಮೊದಲನೆಯ ಪಾಠ ಮುಗಿದ ಮೇಲೆ ನಮಗೆ ಸುದ್ದಿ ಮುಟ್ಟಿತು.

ಆ ಸಂಜೆ ಗುಬ್ಬಿಗೆ ಹೋದೆವು. ಬಾಲೆಯ ತಂದೆ ತೆಂಗಿನಕಾಯಿ ವ್ಯಾಪಾರದವರು, ಮಿತಭಾಷಿಗಳು. ಗದರಿಸುತ್ತಾರೆಂದು ಸಿದ್ಧರಾಗಿ ಹೋಗಿದ್ದೆವು. ಅವರು ಕುರ್ಚಿ ಹಾಕಿ ಕೂರಿಸಿ, ಕಾಫಿ ತರಿಸಿ, ಬಹಳ ಹೊತ್ತಿನ ಮೇಲೆ ಒಂದೇ ಪ್ರಶ್ನೆ ಕೇಳಿದರು: "ಅಮ್ಮಾವರೇ, ಗೇಟು ಹಾಕೋಕೆ ಮುಂಚೆ ಮಕ್ಕಳಿಗೆ ಏನಾದ್ರೂ ಗೊತ್ತಾಗೋ ಹಾಗೆ ಮಾಡ್ತೀರಾ?" ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಾರ್ಥನೆಗೆ ಇದ್ದುದು ಒಂದೇ ಗಂಟೆ. ಅದೇ ಕರೆಯುವ ಗಂಟೆ, ಅದೇ ಮುಚ್ಚುವ ಗಂಟೆ.

ಮರುದಿನ ನಮಗೆ ಮೊದಲು ಬಂದ ಯೋಚನೆಯೆಂದರೆ ರೈಲಿನವರ ಮೇಲೆ ದೂರು ಬರೆಯುವುದು. ಕಟ್ಟೆ ಖಾಲಿಯಿದ್ದಾಗ ಗಾಡಿಯನ್ನು ಹೊರಗೇಕೆ ನಿಲ್ಲಿಸಬೇಕು? ಕಾಗದವನ್ನು ಬರೆದೂ ಆಗಿತ್ತು. ಅದನ್ನು ಕಳುಹಿಸುವ ಮುನ್ನ ನಮ್ಮ ವಿದ್ಯಾರ್ಥಿನಿಯೊಬ್ಬಳ ತಾತನವರಿಗೆ ತೋರಿಸಿದೆವು. ಅವರು ಈ ದಾರಿಯ ಸಣ್ಣ ಸಣ್ಣ ನಿಲ್ದಾಣಗಳಲ್ಲಿಯೇ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರು. ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ತಾಯಿ, ಇದರಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೆ ವಿಷಯವೆಲ್ಲ ತಪ್ಪು" ಎಂದರು. ಆಮೇಲೆ ಮೊಮ್ಮಗಳ ಸ್ಲೇಟನ್ನು ತರಿಸಿ ಅದರ ಮೇಲೆ ಗೆರೆಯೆಳೆದು ಪಾಠ ಹೇಳಿದರು. ನಾವು ಬಿ.ಎಡ್. ತರಗತಿಯಲ್ಲಿಯೂ ಅಷ್ಟು ಸೊಗಸಾದ ಪಾಠವನ್ನು ಕೇಳಲಿಲ್ಲವೆಂದರೆ ನಮ್ಮ ಗುರುಗಳು ಕ್ಷಮಿಸಬೇಕು.

ಗಾಡಿಯು ನಿಲ್ದಾಣಕ್ಕೆ ಬರುವಾಗ ಅದನ್ನು ಒಮ್ಮೆಗೇ ತಡೆಯುವುದಿಲ್ಲ. ಮೊದಲು ಸಿಕ್ಕುವುದು ಡಿಸ್ಟೆಂಟ್ ಸಿಗ್ನಲು. ಅಗಲಹಳಿಯ ಮೇಲೆ ಅದು ಸಾಮಾನ್ಯವಾಗಿ ಮುಂದಿನ ನಿಲುಗಡೆಯ ಕಂಬಕ್ಕಿಂತ ಒಂದು ಕಿಲೋಮೀಟರಿನಷ್ಟು ಹಿಂದೆಯೇ ಇರುತ್ತದೆ. ಇದು ಕೆಂಪು ತೋರಿಸುವುದೇ ಇಲ್ಲ. ಒಂದು ಹಳದಿ ತೋರಿಸಿದರೆ, ಹೋಗು, ಆದರೆ ಮುಂದಿನ ಕಂಬದಲ್ಲಿ ನಿಲ್ಲಲು ಸಿದ್ಧನಾಗಿರು ಎಂದರ್ಥ. ಎರಡು ಹಳದಿ ತೋರಿಸಿದರೆ, ಮುಂದಿನ ಕಂಬವನ್ನು ನಿಯಮಿಸಿದ ವೇಗಕ್ಕೆ ಇಳಿದು ದಾಟಲು ಸಿದ್ಧನಾಗಿರು ಎಂದರ್ಥ. ಹಸಿರಾದರೆ ನಿರಾತಂಕ. ಅದರ ಮುಂದೆ ಹೋಂ ಸಿಗ್ನಲು. ಇದು ಮನೆಯ ಹೊಸ್ತಿಲು, ಕೆಂಪಿದ್ದರೆ ದಾಟಕೂಡದು. ಗಾಡಿ ಕಟ್ಟೆಯಲ್ಲಿ ನಿಲ್ಲಬೇಕಾದಾಗ ಇಲ್ಲಿ ಹಳದಿ ಬರುತ್ತದೆ. ನೇರ ಹಳಿಯನ್ನು ಬಿಟ್ಟು ಪಕ್ಕದ ಲೂಪ್ ಹಳಿಗೆ ಹೋಗಬೇಕಾದರೆ ಹಳದಿಯ ಮೇಲೆ ಬಿಳಿಯ ದೀಪಗಳ ಸಾಲೊಂದು ಓರೆಯಾಗಿ ಉರಿದು ಯಾವ ಕಡೆಗೆಂದು ತೋರಿಸುತ್ತದೆ. ಕಟ್ಟೆಯ ಆಚೆ ತುದಿಯಲ್ಲಿ ಸ್ಟಾರ್ಟರ್ ಸಿಗ್ನಲು ಕೆಂಪಾಗಿ ನಿಂತಿರುತ್ತದೆ. ಎಂಜಿನ್ನು ಅದನ್ನು ದಾಟದಂತೆಯೂ, ಹಿಂದಿನ ಡಬ್ಬಿಯು ಪಕ್ಕದ ಹಳಿ ಕೂಡುವ ಗುರುತುಗಲ್ಲಿನಿಂದ ಒಳಕ್ಕೆ ಇರುವಂತೆಯೂ ಗಾಡಿ ನಿಲ್ಲತಕ್ಕದ್ದು.

"ಕಟ್ಟೆ ಖಾಲಿಯಿತ್ತು ಅಂದಿರಲ್ಲ," ಎಂದು ತಾತನವರು ಸ್ಲೇಟಿನ ಮೇಲೆ ಬೆರಳಿಟ್ಟರು. "ಕಟ್ಟೆ ಖಾಲಿಯಿದ್ದರೆ ಸಾಲದು. ಸ್ಟಾರ್ಟರಿನಿಂದ ಆಚೆಗೂ ನೂರಿಪ್ಪತ್ತು ಮೀಟರು ಖಾಲಿಯಿರಬೇಕು. ಹಳೆಯ ಕೈಮರದ ಕಾಲದಲ್ಲಾದರೆ ನೂರೆಂಬತ್ತು. ಯಾಕೆ ಹೇಳಿ?" ನಾವು ಸುಮ್ಮನಿದ್ದೆವು. "ಬ್ರೇಕು ಹಿಡಿಯುವವನೂ ಮನುಷ್ಯನೇ, ತಾಯಿ. ನಿಲ್ಲಬೇಕಾದ ಜಾಗ ತಪ್ಪಿ ನಾಲ್ಕು ಮಾರು ಮುಂದೆ ಹೋದಾನು. ಹೋದರೆ ಅವನು ಸಾಯಬಾರದಲ್ಲ."

ಎದುರು ದಿಕ್ಕಿನಿಂದ ಎಕ್ಸ್‌ಪ್ರೆಸ್ ಬರುತ್ತಿರುವಾಗ ಎರಡು ಗಾಡಿಗಳನ್ನೂ ಒಟ್ಟಿಗೆ ಒಳಗೆ ಕರೆದುಕೊಂಡರೆ, ಒಂದಕ್ಕಾಗಿ ಖಾಲಿ ಬಿಟ್ಟ ಆ ನೂರಿಪ್ಪತ್ತು ಮೀಟರಿನೊಳಗೆ ಇನ್ನೊಂದು ಬಂದೀತು. ಅದಕ್ಕೆ ತಕ್ಕ ಬೇರೆ ಏರ್ಪಾಡು ಇಲ್ಲದ ಕಡೆ ಒಂದನ್ನು ಹೊರಗೆ ನಿಲ್ಲಿಸಿ ಮತ್ತೊಂದನ್ನು ಒಳಗೆ ತಂದು ನಿಲ್ಲಿಸಿಕೊಂಡ ಮೇಲೆಯೇ ಹೊರಗಿನದಕ್ಕೆ ಹೋಂ ಸಿಗ್ನಲು ಕೊಡತಕ್ಕದ್ದು. ಆ ಸೋಮವಾರ ಗಾಡಿ ಹೊರಗೆ ನಿಂತುದು ಹನ್ನೊಂದು ಹುಡುಗಿಯರನ್ನೂ ಸೇರಿಸಿ ಎಲ್ಲರ ಪ್ರಾಣರಕ್ಷಣೆಗಾಗಿ. ನಮ್ಮ ದೂರಿನ ಕಾಗದವನ್ನು ಅಲ್ಲಿಯೇ ಮಡಿಸಿ ಚೀಲಕ್ಕೆ ಹಾಕಿಕೊಂಡೆವು.

ಅವರು ಇನ್ನೂ ಹಲವು ಸಂಗತಿಗಳನ್ನು ಹೇಳಿದರು. ಕೈಮರಕ್ಕೆ ಕಟ್ಟಿದ ತಂತಿ ಕಡಿದುಹೋದರೆ ಕೈ ತಾನಾಗಿಯೇ ಅಡ್ಡಕ್ಕೆ ಏಳುವಂತೆ ಅದಕ್ಕೊಂದು ಭಾರವನ್ನು ತೂಗುಹಾಕಿರುತ್ತಿದ್ದರಂತೆ. ದೀಪ ಆರಿಹೋದ ಸಿಗ್ನಲನ್ನು ಅದು ತೋರಿಸಬಹುದಾದ ಅತ್ಯಂತ ಕಟ್ಟುನಿಟ್ಟಿನ ಸೂಚನೆಯನ್ನೇ ತೋರಿಸುತ್ತಿದೆಯೆಂದು ಭಾವಿಸತಕ್ಕದ್ದಂತೆ. ಎಂಜಿನ್ನಿನಲ್ಲಿರುವ ಲೋಕೋ ಪೈಲಟನೂ ಅವನ ಸಹಾಯಕನೂ ಪ್ರತಿಯೊಂದು ಸಿಗ್ನಲಿನ ಬಣ್ಣವನ್ನು ಬಾಯಿಬಿಟ್ಟು ಒಬ್ಬರಿಗೊಬ್ಬರು ಹೇಳಿಕೊಳ್ಳಲೇಬೇಕಂತೆ. ಇಬ್ಬರಿಗೂ ಕಣ್ಣು ಇರುವಾಗ ಹೇಳಿಕೊಳ್ಳುವುದೇತಕ್ಕೆ ಎಂದು ಕೇಳಿದೆವು. "ಅವನು ನೋಡಿರುತ್ತಾನೆ ಅಂತ ಇವನು, ಇವನು ನೋಡಿರುತ್ತಾನೆ ಅಂತ ಅವನು" ಎಂದು ತಾತನವರು ಕೈ ತಿರುಗಿಸಿದರು.

ಈ ಮಾತು ನಮಗೆ ನಾಟಿತು. ಹಾಜರಿ ಪುಸ್ತಕದಲ್ಲಿ ಆ ಬಾಲೆ ಹಿಂದಿನ ತಿಂಗಳು ನಾಲ್ಕು ದಿನ ಮೊದಲನೆಯ ಪಾಠಕ್ಕೆ ಗೈರುಹಾಜರೆಂದು ಬರೆದಿತ್ತು. ತರಗತಿಯ ಉಪಾಧ್ಯಾಯಿನಿಯವರು ಅದನ್ನು ಕಂಡಿದ್ದರು. ನಾವೂ ಕಂಡು ರುಜು ಹಾಕಿದ್ದೆವು. ಅವರು ನಮಗೆ ಹೇಳಲಿಲ್ಲ, ನಾವು ಅವರನ್ನು ಕೇಳಲಿಲ್ಲ.

ಇನ್ನೊಂದು ಸಿಗ್ನಲಿದೆ, ಕಾಲಿಂಗ್ ಆನ್ ಎಂದು ಅದರ ಹೆಸರು. ಹೋಂ ಸಿಗ್ನಲಿನ ಕೆಳಗೆ ಸಣ್ಣದಾಗಿ ಇರುತ್ತದೆ. ದೊಡ್ಡ ಸಿಗ್ನಲನ್ನು ಯಾವುದೋ ಕಾರಣದಿಂದ ಕೊಡಲಾಗದಿದ್ದಾಗ, ಬಂದು ಪೂರ್ಣವಾಗಿ ನಿಂತ ಗಾಡಿಯನ್ನು, ಅಡ್ಡಿ ಕಂಡರೆ ನಿಲ್ಲಲು ಸಿದ್ಧವಾಗಿ ಮೆಲ್ಲಗೆ ಒಳಗೆ ಬರುವಂತೆ ಕರೆಯುವುದಕ್ಕಾಗಿ ಇದು. ಅಂದರೆ ರೈಲಿನವರು ಕೆಂಪು ದೀಪವನ್ನು ಎಷ್ಟೇ ಕಟ್ಟುನಿಟ್ಟಾಗಿ ಪಾಲಿಸಿದರೂ, ಆ ದೀಪದ ಮುಂದೆ ನಿಂತವನನ್ನು ಒಳಗೆ ಕರೆಯುವ ದಾರಿಯೊಂದನ್ನು ಮೊದಲೇ ಯೋಚಿಸಿಟ್ಟಿದ್ದಾರೆ. ನಮ್ಮ ಗೇಟಿಗೆ ಅಂಥದು ಇರಲಿಲ್ಲ.

ಮನೆಗೆ ಬಂದು ಈ ನಿಯಮಗಳು ಎಲ್ಲಿಂದ ಬಂದುವೆಂದು ಹುಡುಕಿ ಓದತೊಡಗಿದೆವು. ಓದಿದ್ದರಲ್ಲಿ ಒಂದು ಸಂಗತಿ ಆ ರಾತ್ರಿ ನಿದ್ದೆಗೊಡಲಿಲ್ಲ. ಐರ್ಲೆಂಡಿನ ಆರ್ಮಾ ಎಂಬ ಊರಿನಿಂದ 1889ನೆಯ ಜೂನ್ 12ರಂದು ಭಾನುವಾರದ ಶಾಲೆಯ ಮಕ್ಕಳೂ ಹಿರಿಯರೂ ಸಮುದ್ರತೀರಕ್ಕೆ ವಿಹಾರ ಹೊರಟಿದ್ದರು. ಗಾಡಿಯಲ್ಲಿ ಕಿಕ್ಕಿರಿದ ಜನ. ಏರಿನಲ್ಲಿ ಎಂಜಿನ್ನು ಎಳೆಯಲಾರದೆ ನಿಂತಿತು. ಗಾಡಿಯನ್ನು ಎರಡು ಭಾಗ ಮಾಡಿ ಮುಂದಿನ ಭಾಗವನ್ನು ಮೊದಲು ಒಯ್ಯೋಣವೆಂದು ಕೊಂಡಿ ಕಳಚಿದರು. ಹಿಂದಿನ ಭಾಗದ ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು, ಕಲ್ಲು ಪುಡಿಯಾಯಿತು. ಆ ಡಬ್ಬಿಗಳು ಇಳಿಜಾರಿನಲ್ಲಿ ಹಿಮ್ಮುಖವಾಗಿ ಉರುಳಿದುವು. ಹಿಂದೆ ಮತ್ತೊಂದು ಗಾಡಿ ಏರಿ ಬರುತ್ತಿತ್ತು. ಏಕೆಂದರೆ ಆ ದಾರಿಯಲ್ಲಿ ಮುಂದಿನ ಹಳಿ ಖಾಲಿಯಾಗಿದೆಯೇ ಎಂದು ವಿಚಾರಿಸುವ ಪದ್ಧತಿ ಇರಲಿಲ್ಲ, ಇಷ್ಟು ನಿಮಿಷ ಕಳೆದರೆ ಮುಂದಿನ ಗಾಡಿಯನ್ನು ಬಿಡಬಹುದೆಂಬ ಗಡಿಯಾರದ ಪದ್ಧತಿ ಇತ್ತು. ಡಬ್ಬಿಗಳ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದ್ದರು. 80 ಮಂದಿ ಸತ್ತರು, ಅವರಲ್ಲಿ ಅನೇಕರು ಮಕ್ಕಳು.

ಅದೇ ವರ್ಷವೇ ಬ್ರಿಟನ್ನಿನ ಪಾರ್ಲಿಮೆಂಟು ಕಾನೂನು ಮಾಡಿತು: ಒಂದು ತುಂಡು ಹಳಿಯ ಮೇಲೆ ಒಂದೇ ಗಾಡಿ, ಪಾಯಿಂಟುಗಳೂ ಸಿಗ್ನಲುಗಳೂ ಪರಸ್ಪರ ಬೀಗ ಹಾಕಿಕೊಂಡಿರತಕ್ಕದ್ದು, ಇಡೀ ಗಾಡಿಗೆ ತಾನಾಗಿ ಹಿಡಿಯುವ ಬ್ರೇಕು ಇರತಕ್ಕದ್ದು. ತುಮಕೂರಿನ ಹಳಿಯು ಹರಿಹರದ ಕಡೆಯ ಹಳಿಗಳೊಂದಿಗೆ ಕೂಡಿದುದೂ ಅದೇ 1889ರಲ್ಲಿ. ಗುಬ್ಬಿಯಲ್ಲಿ ನಾವು ಬೇಲಿಯ ಮೇಲೆ ಕುಳಿತು ನೋಡಿ ನಗುತ್ತಿದ್ದ ಆ ಉಂಡೆಯೂ ಅದೇ ನಿಯಮದ್ದು. ಅದರ ಹಿಂದೆ ಯಾವ ಯಾವ ಊರಿನ ಮಕ್ಕಳ ಸಾವು ಇದೆಯೆಂದು ಆಗ ಯಾರು ಬಲ್ಲರು?

ಪಾಠಶಾಲೆಯಲ್ಲಿ ಆಮೇಲೆ ಮಾಡಿದ ಬದಲಾವಣೆಯನ್ನು ಹೆಚ್ಚು ವಿಸ್ತರಿಸುವುದಿಲ್ಲ. ಈಗಿನ ಪೋಷಕರು ಅದನ್ನು ಬಲ್ಲರು. ಹದಿನೈದು ನಿಮಿಷ ಮುಂಚೆ ಒಂದು ಗಂಟೆ, ಐದು ನಿಮಿಷ ಮುಂಚೆ ಎರಡು, ಆಮೇಲೆ ಪ್ರಾರ್ಥನೆಯ ಗಂಟೆ. ದೊಡ್ಡ ಗೇಟು ಈಗಲೂ ಮುಚ್ಚುತ್ತದೆ, ಅದನ್ನು ಬಿಡಲು ನಮಗೆ ಮನಸ್ಸಿಲ್ಲ. ಪಕ್ಕದ ಚಿಕ್ಕ ಬಾಗಿಲು ತೆರೆದಿರುತ್ತದೆ. ತಡವಾದವರು ಅಲ್ಲಿಯ ಪುಸ್ತಕದಲ್ಲಿ ಕಾರಣ ಬರೆದು ಒಳಗೆ ಬರತಕ್ಕದ್ದು. ಶನಿವಾರ ಆ ಪುಸ್ತಕವನ್ನು ನಾವೂ ತರಗತಿಯ ಉಪಾಧ್ಯಾಯಿನಿಯರೂ ಒಟ್ಟಿಗೆ ಕುಳಿತು ಗಟ್ಟಿಯಾಗಿ ಓದುತ್ತೇವೆ. ಇದರಿಂದ ತಡವಾಗಿ ಬರುವವರ ಸಂಖ್ಯೆ ಸ್ವಲ್ಪ ಹೆಚ್ಚಿತೆಂಬುದನ್ನು ಮುಚ್ಚಿಡುವುದಿಲ್ಲ. ಪುಸ್ತಕದ ಕಾರಣಗಳೆಲ್ಲ ಸತ್ಯವೆಂದೂ ನಾವು ಪ್ರಮಾಣ ಮಾಡಲಾರೆವು. ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು "ಸಿಗ್ನಲು ಸಿಗದ ಕಾರಣ" ಎಂದು ಬರೆದಿದ್ದಳು. ಕುಣಿಗಲ್ಲಿಗೂ ತುಮಕೂರಿಗೂ ನಡುವೆ ಹಳಿಯೇ ಇಲ್ಲ! ಕೇಳಿದರೆ, ಗುಬ್ಬಿಯವರು ಹಾಗೆ ಬರೆದರೆ ಯಾರೂ ಏನೂ ಅನ್ನುವುದಿಲ್ಲ, ಅದಕ್ಕೆ ಎಂದಳು.

ಪಾಪ, ಕುಣಿಗಲ್ಲಿನವರ ದುಃಖ ಬೇರೆ. ಗುಬ್ಬಿಗೆ ರೈಲು ಬಂದು ನೂರು ವರ್ಷ ಕಳೆದ ಮೇಲೂ ಅವರ ದೊಡ್ಡ ಕೆರೆಯ ಬಳಿ ಗಾಡಿಯ ಕೂಗು ಕೇಳಿಸಲಿಲ್ಲ. ಬೆಂಗಳೂರಿನಿಂದ ಕುಣಿಗಲ್ ಮಾರ್ಗವಾಗಿ ಹಾಸನಕ್ಕೆ ಹಳಿಯು ಪೂರ್ಣವಾಗಿ ತೆರೆದುದು 2017ರಲ್ಲಿ. ಅಲ್ಲಿಗೆ ಕೈಮರದ ಕಾಲ ಮುಗಿದಿತ್ತು. ಬಣ್ಣದ ದೀಪಗಳೇ ಬಂದುವು. ಗುಬ್ಬಿಯ ಕಡೆಗೂ ಆಮೇಲೆ ಜೋಡಿ ಹಳಿ ಆಯಿತು, ಹಳಿಯ ಮೇಲೆ ವಿದ್ಯುತ್ತಿನ ತಂತಿ ಬಂತು. ಎದುರು ಗಾಡಿಗಾಗಿ ಹೊರಗೆ ಕಾಯುವುದು ಕಡಿಮೆಯಾಗಿದೆ. ಗಾರ್ಡೆಂಬ ಹೆಸರೂ 2022ರಲ್ಲಿ ಹೋಗಿ ಟ್ರೈನ್ ಮ್ಯಾನೇಜರ್ ಎಂದಾಗಿದೆ. ಹೊಸ ಹೆಸರು ನಮ್ಮ ನಾಲಗೆಗೆ ಇನ್ನೂ ಒಗ್ಗಿಲ್ಲ. ಆ ದಿನ ಬ್ರೇಕು ಹಾಕಿದವರು ನಮಗೆ ಗಾರ್ಡು ಸಾಹೇಬರೇ.

2023ನೆಯ ಜೂನ್ 2ರ ಸಂಜೆ ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ನೇರ ಹಳಿಯಲ್ಲಿ ಹೋಗಲು ಹಸಿರು ತೋರಿತು. ಪಾಯಿಂಟು ಮಾತ್ರ ಸರಕು ಗಾಡಿ ನಿಂತಿದ್ದ ಲೂಪ್ ಹಳಿಗೆ ತಿರುಗಿತ್ತು. ಅದರ ಉರುಳಿದ ಡಬ್ಬಿಗಳು ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿಯ ಹಿಂಭಾಗಕ್ಕೆ ತಗುಲಿದುವು. 290ಕ್ಕಿಂತ ಹೆಚ್ಚು ಜನ ಸತ್ತರು. ಸಿಗ್ನಲಿನ ತಂತಿಗಳ ಕೆಲಸದಲ್ಲಿ ಆದ ಲೋಪವೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ವಿಚಾರಣೆಯಲ್ಲಿ ಕಂಡುಬಂತು. ಪಾಠಶಾಲೆ ಆಗತಾನೆ ತೆರೆದಿತ್ತು. ಪ್ರಾರ್ಥನೆಯ ಹೊತ್ತಿಗೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಮಿಸ್, ದೀಪವೇ ಸುಳ್ಳು ಹೇಳಿದರೆ ಡ್ರೈವರು ಏನು ಮಾಡಬೇಕು?" ಎಂದು ಕೇಳಿದಳು. ನಾವು ತಾತನವರನ್ನೇ ನೆನೆದೆವು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಡ್ರೈವರು ಏನೂ ಮಾಡುವಂತಿಲ್ಲ, ಮಗು. ದೀಪಕ್ಕೆ ತಂತಿ ಕಟ್ಟುವವರೇ ಮಾಡಬೇಕು ಎಂದಷ್ಟೇ ಹೇಳಿ ಸತ್ತವರಿಗಾಗಿ ಎರಡು ನಿಮಿಷ ಮೌನವಾಗಿ ನಿಂತೆವು.

ಕಳೆದ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯವರನ್ನು ಶ್ರವಣಬೆಳಗೊಳಕ್ಕೆ ವಿಹಾರ ಕರೆದೊಯ್ದೆವು. ಬಸ್ಸಿನಲ್ಲಿ ಕುಣಿಗಲ್ಲಿನವರೆಗೆ, ಅಲ್ಲಿಂದ ರೈಲಿನಲ್ಲಿ. ಕುಣಿಗಲ್ಲಿನ ಹುಡುಗಿಯರೇ ಆ ದಿನದ ಯಜಮಾನಿಯರು; ತಮ್ಮ ಊರಿನ ನಿಲ್ದಾಣವನ್ನು ಹೊಸ ಮನೆಯ ಹಾಗೆ ತೋರಿಸಿದರು. ನಮ್ಮ ಜೊತೆಗೆ ಬಂದ ಉಪಾಧ್ಯಾಯಿನಿಯರಲ್ಲಿ ಒಬ್ಬರು, ಶಿಕ್ಷಕಿಯ ತರಬೇತಿ ಮುಗಿಸಿ ಈಚೆಗೆ ನಮ್ಮಲ್ಲಿಗೇ ಸೇರಿದವರು, ಎಡಗೈಯ ಬಳೆಯನ್ನು ಮಣಿಕಟ್ಟಿನ ಮೇಲಿನ ಗಂಟಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿಕೊಳ್ಳುವ ಅಭ್ಯಾಸವುಳ್ಳವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ವಿದ್ಯಾರ್ಥಿನಿಯರು ಊಹಿಸಿಕೊಳ್ಳಬಹುದು.

ದಾರಿಯ ಒಂದು ಸಣ್ಣ ನಿಲ್ದಾಣದ ಹೊರಗೆ ತಿರುವಿನಲ್ಲಿ ಗಾಡಿ ನಿಂತಿತು. ಕಿಟಕಿಯಿಂದ ಕಟ್ಟೆ ಕಾಣುತ್ತಿತ್ತು, ಕಡಲೆಕಾಯಿ ಮಾರುವವನೂ ಕಾಣುತ್ತಿದ್ದನು. ಒಬ್ಬಿಬ್ಬರು ಹುಡುಗಿಯರು ಎದ್ದು ಬಾಗಿಲಿನ ಕಡೆಗೆ ಸರಿದರು. ನಾವು ಬಾಯಿ ತೆರೆಯುವಷ್ಟರಲ್ಲಿ ಆ ಉಪಾಧ್ಯಾಯಿನಿಯವರು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಗದರಿಸಲಿಲ್ಲ. ಹೊರಕ್ಕೆ ಬಾಗದೆ, ಕಿಟಕಿಯ ಕಂಬಿಯಿಂದಲೇ ಮುಂದೆ ನೋಡಲು ಮಕ್ಕಳಿಗೆ ಹೇಳಿ, "ಏನು ಕಾಣುತ್ತೆ, ಗಟ್ಟಿಯಾಗಿ ಹೇಳಿ" ಎಂದರು.

"ಕೆಂಪು, ಮಿಸ್."

"ಇನ್ನೂ ಕೈ ಬಿದ್ದಿಲ್ಲ, ಹಾಗಾದರೆ. ಕೂತ್ಕೊಳ್ಳಿ."

ಹುಡುಗಿಯರಿಗೆ ಆ ಮಾತು ಅರ್ಥವಾಗಲಿಲ್ಲ. ಅವರಲ್ಲಿ ಯಾರೂ ಕೈಮರ ಕಂಡವರಲ್ಲ. ಕೈ ಎಂದರೇನು, ಎಲ್ಲಿಂದ ಬೀಳುತ್ತದೆ, ಬಿದ್ದರೆ ಪೆಟ್ಟಾಗುವುದಿಲ್ಲವೇ ಎಂದು ಎಲ್ಲರೂ ಒಟ್ಟಿಗೆ ಕೇಳತೊಡಗಿದರು. ಗುಬ್ಬಿಯ ಅಜ್ಜಿಯ ಮನೆಯ ಬೇಲಿಯಿಂದ ನಾವು ಹೇಳಲಾರಂಭಿಸಿದೆವು. ಎಸರಿಡುವ ಕಡೆಗೆ ಬಂದಿರಬೇಕು, ಅಷ್ಟರಲ್ಲಿ ಕಿಟಕಿಯ ಬಳಿಯ ಹುಡುಗಿ "ಹಳದಿ!" ಎಂದು ಕೂಗಿದಳು. ಇನ್ನೊಂದು ಕಿಟಕಿಯವಳೂ "ಹಳದಿ!" ಎಂದಳು. ಗಾಡಿ ಮೆಲ್ಲಗೆ ಜಗ್ಗಿ ಕಟ್ಟೆಯ ಕಡೆಗೆ ಹೊರಟಿತು.